ಹಸಿದ ಕೌದಿ

ನಾನು ಹೊಲಿಯುತ್ತ ಅರ್ಧಕ್ಕೆ ಬಿಟ್ಟ ನಾಲ್ಕು ಕೌದಿಗಳಿರುವ ಟ್ರಂಕಿನ ಮುಚ್ಚಳ ತೆಗೆದಾಗಲೆಲ್ಲ ಹಳೇ ಸೀರೆಗಳ ವಾಸನೆ ಬರುತ್ತದೆ, ಅದರ ಹಿಂದೆಯೇ, ನಾನು ಚಿಕ್ಕವಳಿದ್ದಾಗ ನಾವಿದ್ದ ಕೂಕಟ್‌ಪಲ್ಲಿಯ ಆ ಮಧ್ಯಾಹ್ನವೂ ಬರುತ್ತದೆ.

ಆಗ ಅವ್ವನ ಕೈಯಲ್ಲಿ ಮೂರು ಕೌದಿಗಳಿದ್ದವು, ಒಂದೂ ಮುಗಿದಿರಲಿಲ್ಲ. ನನ್ನ ಹಳೇ ಫ್ರಾಕುಗಳನ್ನು ಹಚ್ಚಿದ್ದ ನನ್ನ ಕೌದಿಯಲ್ಲಂತೂ ಬಾಕಿಯಿದ್ದದ್ದು ಅಂಗೈಯಗಲದ ಜಾಗ ಅಷ್ಟೇ. ನಮ್ಮ ಕಡೆ ಕೊನೆಗೆ ಅಲ್ಲೊಂದು ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾರೆ. ಹೊಟ್ಟೆ ತುಂಬದ ಕೌದಿಯನ್ನು ಹೊದೆಯಬಾರದು. ಹಾಗಾಗಿ ಎರಡು ಚಳಿಗಾಲ ನಾನು ಅಪ್ಪನ ಲುಂಗಿ ಹೊದ್ದು ಮಲಗಿದ್ದೆ.

"ಇವತ್ತ ಮುಗಸ್ತೀನಿ" ಎಂದಿದ್ದಳು ಅವ್ವ. ಜೋಳದ ರೊಟ್ಟಿಯ ಚೂರು ಹಿಡಿದು ಅವಳೆದುರು ಕೂತೆ. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಹಳೇ ಸೀರೆಗಳ ಗಂಟೊಂದನ್ನು ಇಟ್ಟುಹೋದರು. ಅವ್ವ ನನ್ನ ಕೌದಿಯನ್ನು ಪಕ್ಕಕ್ಕೆ ಸರಿಸಿ, ನೀಲಿ ಸೀರೆಯೊಂದನ್ನು ತೊಡೆಯ ಮೇಲೆ ಹರವಿಕೊಂಡಳು.

"ಎಷ್ಟ ಮೆತ್ತಗ ಐತಿ ನೋಡು! ಸುಮ್ನ ಒಂದೀಟು ಜೋಡಿಸಿ ನೋಡ್ತೀನಿ."

"ಮೊದಲ ನಂದು ಮುಗಸಬೇ!"

"ನಿಂದು ಎಲ್ಲಿ ಓಡಿ ಹೊಕ್ಕೈತಿ?"

ಸಿಟ್ಟಿಗೆ ಆ ರೊಟ್ಟಿಯನ್ನು ನಾನೇ ತಿಂದುಬಿಟ್ಟೆ. ಅವ್ವ ತಲೆ ಎತ್ತದೆ ಸೂಜಿ ದಾರ ಚಾಚಿದಳು. "ನನಗ ಕಾಣವಲ್ದು, ಪೋಣಿಸಿಕೊಡು."

ಮೂಗು ಒರೆಸಿಕೊಳ್ಳುತ್ತ ಪೋಣಿಸಿದೆ. ಅವಳು ನೀಲಿಯ ಪಕ್ಕಕ್ಕೆ ಕಂದು ತುಂಡು ಇಟ್ಟಳು. ಅದು ನನಗೆ ಸರಿಕಾಣಲಿಲ್ಲ. ಗಂಟಿನೊಳಗೆ ಕೈಹಾಕಿ ಹಳದಿ ಸೀರೆಯನ್ನು ಎಳೆದುಕೊಟ್ಟವಳು ನಾನೇ.