ದೂರದ ಊರು ಒಲ್ಲೆನೆಂದ ಲಾರಿ

ವಯಸ್ಸಾದಂತೆ ಲಾರಿಗಳಿಗೆ ದೂರದ ಊರು ಬೇಡವಾಗುತ್ತದೆ. ಹುರುಪಿನ ಕಾಲಕ್ಕೆ ದಿಲ್ಲಿ, ಆಮೇಲೆ ಪುಣೆ, ಕೊನೆಗೆ ಸಂಜೆಯೊಳಗೆ ಮನೆ ಮುಟ್ಟುವಷ್ಟು ಮಾತ್ರ. ಬ್ಯಾಡಗಿಯ ಡ್ರೈವರ್ ಫಕ್ಕೀರಪ್ಪನ ಲಾರಿ ಇವತ್ತು ಮೆಣಸಿನಕಾಯಿ ಚೀಲವನ್ನೆಲ್ಲ ಹೇರಿಸಿಕೊಂಡು, ನಾಗಪುರ ಅಂದ ಕೂಡಲೇ ಮಾರುಕಟ್ಟೆಯಲ್ಲೇ ಕೂತುಬಿಟ್ಟಿತು.

ಸುದ್ದಿ ಕೇಳಿ ಅವನ ಹೆಂಡತಿ ನೀಲವ್ವ ಓಡಿ ಬಂದಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡ ಒಂದು ವಾರ ಸತತ ಮನೆಯಲ್ಲಿ ಇದ್ದವನಲ್ಲ. ಸಂಸಾರ ಜಗಳವಿಲ್ಲದೆ ನಡೆದದ್ದು ಅದರಿಂದಲೇ ಎಂದು ಅವಳು ನಂಬಿದ್ದಳು.

"ಯಪ್ಪಾ, ಇನ್ನೊಂದೈದು ವರ್ಷ ಓಡು," ಎಂದು ಲಾರಿಯ ಮೂತಿ ಸವರಿದಳು. "ಇಂವ ದಿನಾ ಸಂಜಿಗೆ ಮನಿಗೆ ಬಂದ್ರ ನಾ ಏನ್ ಮಾತಾಡ್ಲಿ?"

"ನನಗರ ಏನ್ ಖುಷಿ ಐತಿ?" ಫಕ್ಕೀರಪ್ಪ ಗೊಣಗಿದ. "ಮನ್ಯಾಗ ಸಕ್ರಿ ಡಬ್ಬಿ ಎಲ್ಲೈತಿ ಅಂತ ಸೈತ ಗೊತ್ತಿಲ್ಲ."

"ಇನ್ನ ಊರಾಗ ಉಸುಕು, ಇಟ್ಟಂಗಿ ಅಷ್ಟ ಹೊರತೀನಿ," ಅಂದಿತು ಲಾರಿ.

"ಮೊಣಕಾಲು ನೋಯ್ತಾವೇನು? ಎಣ್ಣಿ ಹಚ್ಚಸ್ತೀನಿ," ಎಂದಳು ನೀಲವ್ವ.

"ಮೊಣಕಾಲಲ್ಲವ್ವಾ, ಕಿವಿ. ಇಲ್ಲಿಂದ ನಾಗಪುರದ ತನಕ ನಿನ್ನ ಸುದ್ದಿನ ಹೇಳತಾನ. ನೀಲವ್ವ ಹಿಂಗ ನಗತಾಳ, ನೀಲವ್ವ ಹಂಗ ಸಿಟ್ಟಾಗತಾಳ. ಇಪ್ಪತ್ತು ವರ್ಷ ಕೇಳೀನಿ. ಸಾಕು, ಇನ್ನ ನೀನ ಕೇಳು."

ಲಾರಿ ಹೊರಡದೆಂದು ಹೇರಿದ್ದ ಚೀಲಗಳನ್ನು ಮತ್ತೆ ಇಳಿಸುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಫಕ್ಕೀರಪ್ಪ ಕೆಂಪಗಾಗಿ ಟೈರಿನ ಗಾಳಿ ನೋಡತೊಡಗಿದ.

"ಹೆಂಗ ನಗತೀನಂತ?" ಮೆಲ್ಲಗೆ ಕೇಳಿದಳು ನೀಲವ್ವ.

"ಅವನ್ನ ಕೇಳು," ಎಂದು ಲಾರಿ ಎಂಜಿನ್ ಆರಿಸಿಕೊಂಡಿತು.