ಕರಿಬೇವಿಗೆ ಬೆಳಗಾಗುವ ಹೊತ್ತು

ಚಂದ್ರನ ಮೇಲೆ ಹೊತ್ತು ಮುಳುಗಿದರೆ ಮತ್ತೆ ಮೂಡಲು ಎರಡು ವಾರ ಬೇಕು. ಆ ಎರಡು ವಾರವೂ ನಮ್ಮ ಮನೆಯ ಸಾರಿಗೆ ಕರಿಬೇವಿಲ್ಲ. ಕುಂಡದಲ್ಲಿ ಗಿಡ ದೀಪದ ಬೆಳಕಿಗೇ ಸೊಂಪಾಗಿ ಬೆಳೆದಿದ್ದರೂ ಅತ್ತೆ ನೀಲವ್ವ ಮುಟ್ಟಗೊಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ಗಿಡ ಮಲಗಿರುತ್ತದಂತೆ. ಲಕ್ಷ್ಮೇಶ್ವರದ ಹಿತ್ತಲಿನಿಂದ ಈ ಸಸಿ ಕಿತ್ತು ತಂದವರು, ಅಲ್ಲಿನ ರೂಢಿಯನ್ನೂ ಬೇರುಸಹಿತ ತಂದಿದ್ದಾರೆ.

ಇವತ್ತು ನನಗೆ ತಡೆಯಲಾಗಲಿಲ್ಲ. ಬಸುರಿ ನಾನು. ಎದ್ದಾಗಿನಿಂದ ಬಾಯಿ ಒಗ್ಗರಣೆ ಹಾಕಿದ ಮಜ್ಜಿಗೆಯನ್ನೇ ಬೇಡುತ್ತಿತ್ತು.

"ಅತ್ತೀ, ನಾಕ ಎಲಿ ಹರಕೋತೀನ್ರಿ."

"ಕತ್ತಲದಾಗ ಬ್ಯಾಡವ್ವ."

"ಬಸರಿ ಬಯಕಿ ತೀರಸಬೇಕಂತೀರಿ. ಅದೂ ಊರಿನ ಪದ್ಧತೀನ ಅಲ್ಲೇನ್ರಿ?" ಸಿಟ್ಟಿನಿಂದಲೇ ಕೇಳಿದೆ.

ಅತ್ತೆ ಪೇಚಿಗೆ ಸಿಲುಕಿದರು. ಗಿಡ ನೋಡಿದರು, ನನ್ನ ಹೊಟ್ಟೆ ನೋಡಿದರು. ಆಮೇಲೆ ಸೆರಗಿನಿಂದ ಕಿಟಕಿಯ ಗಾಜು ಒರೆಸಿ, ಕಪ್ಪು ಆಕಾಶದಲ್ಲಿ ಹೊಳೆಯುತ್ತಿದ್ದ ಭೂಮಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ನಮ್ಮ ದೇಶದ ಮೇಲೆ ಆಗಷ್ಟೇ ಬೆಳಕು ಹರಿದಿತ್ತು.

"ಊರಾಗ ಬೆಳಗಾತು," ಎಂದರು. "ಹಿತ್ತಲದಾಗ ಇದರ ತಾಯಿಗಿಡ ಎದ್ದಿರತೈತಿ. ತಾಯಿ ಎದ್ದಮ್ಯಾಲ ಕೂಸು ಎಷ್ಟೊತ್ತು ಮಲಗೀತು? ಎಣ್ಣಿ ಕಾಯಾಕ ಇಡು."

ಎಣ್ಣೆ ಇಟ್ಟೆ. ಸಾಸಿವೆ ಸಿಡಿಯಿತು. ಅತ್ತೆ ಒಂದು ಎಸಳು ಕಿತ್ತವರು ಅದನ್ನು ಮೂಗಿಗೆ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಂತೇಬಿಟ್ಟರು. ಸಾಸಿವೆ ಕರಕಲಾಗತೊಡಗಿತು.

ನಾನು ಒಲೆ ಆರಿಸಿದೆ. ಅವರನ್ನು ಕರೆಯಲಿಲ್ಲ.