ಗುರುತಿಲ್ಲದ ಇಬ್ಬರು

ಮಹಡಿ ಮೇಲಿನ ಮನೆ ಬಾಡಿಗೆಗಿದೆಯೆಂದು ಕೇಳಿಕೊಂಡು ಬಂದ ಹೆಂಗಸಿಗೆ ಬಾಗಿಲು ತೆಗೆದ ಮಗಳು, ಅಲ್ಲೇ ಕಲ್ಲಾಗಿ ನಿಂತುಬಿಟ್ಟಳು.

"ಗೊತ್ತಿರೋರೇನೇ?" ಸೋಫಾದಿಂದ ತಾಯಿಯ ಪ್ರಶ್ನೆ.

"ಇಲ್ಲಮ್ಮ. ಇವತ್ತೇ ನೋಡ್ತಿರೋದು."

ಹಸಿ ಸುಳ್ಳು. ಮಗಳದು ಲೈಂಗಿಕ ಕಾರ್ಯಕರ್ತೆಯರ ಆರೋಗ್ಯದ ಬಗ್ಗೆ ಸಂಶೋಧನೆ. ಮುಚ್ಚಿದ ಬಾಗಿಲ ಹಿಂದೆ ಕೂತು, ಒಡಹುಟ್ಟಿದವರಿಗೂ ಹೇಳದ ಕಥೆಯನ್ನೆಲ್ಲ ಈ ಹೆಂಗಸು ಅವಳಿಗೆ ಹೇಳಿದ್ದಳು. 'ಇಲ್ಲಿಯ ಮಾತು ಹೊರಗೆ ಹೋಗಲ್ಲ, ಹೊರಗೆ ಎದುರಾದರೂ ನಿಮ್ಮನ್ನ ಗುರುತಿಸಲ್ಲ' ಎಂದು ಮಗಳು ಮೊದಲ ದಿನವೇ ಮಾತು ಕೊಟ್ಟಿದ್ದಳು. ರಸ್ತೆಯಲ್ಲಾದರೆ ಅದು ಸುಲಭ. ಮನೆಯೊಳಗೆ, ಅದೂ ಊರ ಉಸಾಬರಿಯೆಲ್ಲ ಬೇಕಾದ ತಾಯಿಯ ಮುಂದೆ? ಪರಿಚಯ ಎಂದರೆ ಎಲ್ಲಿಯ ಪರಿಚಯ ಎಂದು ಊಹಿಸಲು, ಮಗಳ ಕೆಲಸ ಗೊತ್ತಿರುವ ತಾಯಿಗೆ ನಿಮಿಷವೂ ಬೇಡ.

ತಾಯಿ ಕೆಟ್ಟವಳೇನಲ್ಲ, ಕುತೂಹಲ ತಡೆಯಲಾರಳು ಅಷ್ಟೇ. "ಎಲ್ಲಿ ಕೆಲಸ? ಯಜಮಾನ್ರು ಏನ್ ಮಾಡ್ತಾರೆ? ಇರೋ ಮನೆ ಯಾಕೆ ಬಿಡ್ತಿದೀರ?"

"ಮಗಳ ಶಾಲೆ ಇಲ್ಲೇ ಹಿಂದಿನ ಬೀದೀಲಿದೆ. ಈಗಿರೋ ಕಡೆ ಅಕ್ಕಪಕ್ಕ ಸರಿಯಿಲ್ಲ, ಹುಡುಗಿ ದೊಡ್ಡೋಳಾಗ್ತಿದಾಳೆ. ತುಂಬ ಕಡೆ ಕೇಳ್ದೆ, ಯಾರೂ ಮನೆ ಕೊಡ್ಲಿಲ್ಲ."

"ಯಾಕೆ ಕೊಡ್ಲಿಲ್ಲ?"

"ಅಮ್ಮಾ, ಇಷ್ಟ ಇಲ್ಲದ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಿಲ್ಲ," ಸಂದರ್ಶನಗಳ ರೂಢಿಬಲದಿಂದ ಮಗಳು ಅಂದುಬಿಟ್ಟಳು.

"ಇದು ನನ್ನ ಮನೆ ಕಣೇ, ನಿನ್ನ ಆಫೀಸಲ್ಲ."

ಇನ್ನು ಬಾಯಿ ಬಿಟ್ಟರೆ ಗುಟ್ಟು ಬಯಲಾದೀತೆಂದು ಮಗಳು ಅಡುಗೆಮನೆ ಸೇರಿದಳು. ಟೀ ಮಾಡಿ ತಂದು, ಒಂದು ಕಪ್ಪನ್ನು ಹೆಂಗಸಿನ ಕೈಗಿತ್ತು, "ಇದು ನಿಮ್ದು, ಸಕ್ಕರೆ ಹಾಕಿಲ್ಲ" ಎಂದಳು.

ತಾಯಿಯ ಹುಬ್ಬು ಮೇಲೇರಿತು. "ಸಕ್ಕರೆ ಬೇಡ ಅಂತ ನಿಂಗ್ಯಾರು ಹೇಳಿದ್ರು?"

ಮಗಳಿಗೆ ಆಗ ತನ್ನ ತಪ್ಪು ಹೊಳೆಯಿತು. ಹೆಂಗಸಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಇನ್ನೂ ವಾಸಿಯಾಗಿಲ್ಲ. ಸಂಶೋಧನೆಯ ಕೋಣೆಯಲ್ಲಿ ಪ್ರತಿ ಸಲವೂ ಹೀಗೇ ಕೊಟ್ಟು ಕೊಟ್ಟು ಅಭ್ಯಾಸವಾಗಿಹೋಗಿತ್ತು.

"ಬೇರೆ ಯಾರೋ ಅಂದ್ಕೊಂಡ್ರೇನೋ," ಹೆಂಗಸು ನಕ್ಕಳು. "ನಂಗೆ ಸಕ್ಕರೆ ಇಲ್ದಿದ್ರೆ ಟೀ ಇಳಿಯೋದೇ ಇಲ್ಲ."

"ಅದೇ ಅಂದ್ಕೊಂಡೆ. ಇವಳಿಗೆ ಮೈಮೇಲೆ ಜ್ಞಾನವೇ ಇರಲ್ಲ ನೋಡಿ," ಎನ್ನುತ್ತ ತಾಯಿ ಸಕ್ಕರೆ ಡಬ್ಬಿ ತಂದು, ಧಾರಾಳವಾಗಿ ಎರಡು ಚಮಚ ಸುರಿದಳು. ಹೆಂಗಸು ಕಲಕಿ, ಒಂದು ಗುಟುಕು ಕುಡಿದಳು.

ಬೇಡ ಅನ್ನುವ ಮಾತು ಮಗಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಸಾಕಾ?" ತಾಯಿ ಕೇಳಿದಳು.

ಹೆಂಗಸು ಮಗಳ ಕಡೆ ನೋಡಲೇ ಇಲ್ಲ. ಕಪ್ಪನ್ನು ಮುಂದೆ ಹಿಡಿದಳು.

"ಇನ್ನೊಂದು ಚಮಚ ಹಾಕಿ."